ಜಾಮೀನು ಸಹಿ ಹಾಕುವ ಮುಂಚೆ ಅವನ ಗಿಟಾರ್ ಎಲ್ಲಿದೆ ನೋಡಿ

ಹೋದ ವಾರ ಗುರುತಿಲ್ಲದ ನಂಬರಿನಿಂದ ಒಂದು ಫೋನ್ ಬಂತು. ಹುಡುಗಿಯ ದನಿ. ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ, "ಅಕ್ಕಾ, ನೀವು ಮುಂಚೆ ಅವರ ಜೊತೆ ಇದ್ರಂತೆ, ಹೌದಾ?" ಅಂದಳು. ಯಾರ ಜೊತೆ ಅಂತ ನಾನು ಕೇಳಬೇಕಾಗಲಿಲ್ಲ. "ಅವರು ಸೊಸೈಟೀಲಿ ಲೋನ್ ತಗೋತಿದಾರೆ, ಹೊಸ ಆಂಪ್‌ಗೆ, ಅದೇ ಗಿಟಾರ್ ಸೌಂಡ್ ಜೋರು ಮಾಡೋ ಬಾಕ್ಸಿಗೆ. ನಾನು ಜಾಮೀನು ಹಾಕಬೇಕಂತೆ. ಮೂರು ತಿಂಗಳ ಸ್ಯಾಲರಿ ಸ್ಲಿಪ್, ಎರಡು ಪಾಸ್‌ಪೋರ್ಟ್ ಫೋಟೊ, ಅಷ್ಟೇ ಅಲ್ವಾ?"

ಒಂದೂವರೆ ಗಂಟೆ ಮಾತಾಡಿದೆ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಹೀಗೆ ಫೋನ್ ಮಾಡಿ ಕೇಳುವ ಬುದ್ಧಿ ಎಲ್ಲರಿಗೂ ಬರುವುದಿಲ್ಲ, ನನಗಂತೂ ಬಂದಿರಲಿಲ್ಲ. ನನಗಿಂತ ಮುಂಚೆಯೂ ಒಬ್ಬಳಿದ್ದಳು. "ಅವಳಿಗೆ ತಲೆ ಸರಿ ಇರಲಿಲ್ಲ" ಅಂತ ಅವನು ಹೇಳಿದ್ದ, ನಂಬಿದ್ದೆ. ಈಗ ತಲೆ ಸರಿ ಇಲ್ಲದವರ ಪಟ್ಟಿಯಲ್ಲಿ ನನ್ನ ಹೆಸರೂ ಸೇರಿರುತ್ತದೆ ಬಿಡಿ. ಅವನ ಹೆಸರು, ಬ್ಯಾಂಡಿನ ಹೆಸರು ಕೇಳಬೇಡಿ. ಬರೆದರೆ ಮಾನನಷ್ಟದ ನೋಟಿಸ್ ಬರುತ್ತದೆ, ಕೇಸು ನಡೆಸುವಷ್ಟು ದುಡ್ಡು ನನ್ನ ಹತ್ತಿರ ಇಲ್ಲ.

ನಾನು ಸಾಗರದವಳು. ಬೆಂಗಳೂರಿಗೆ ಬಂದು ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸಕ್ಕೆ ಸೇರಿ ಎರಡು ವರ್ಷ ಆಗಿತ್ತು. 2011ರ ಅಕ್ಟೋಬರ್ 30ರ ಭಾನುವಾರ ಅರಮನೆ ಮೈದಾನದಲ್ಲಿ ಅಮೆರಿಕದ ರಾಕ್ ಬ್ಯಾಂಡ್ ಮೆಟಾಲಿಕಾದ ಶೋ. ಎರಡು ದಿನ ಮುಂಚೆ ಗುರುಗ್ರಾಮದ ಶೋ ರದ್ದಾಗಿ ಗಲಾಟೆ ಆಗಿತ್ತು, ಹಾಗಾಗಿ ಇಲ್ಲಾದರೂ ನಡೆಯುತ್ತದೋ ಇಲ್ಲವೋ ಎಂಬ ಅನುಮಾನದಲ್ಲೇ ಎಲ್ಲರೂ ನಿಂತಿದ್ದೆವು. ಕೆಸರೋ ಕೆಸರು. ನನ್ನ ಒಂದು ಚಪ್ಪಲಿ ಹೂತುಹೋಯಿತು. ಬಗ್ಗಿ ಕೈ ಹಾಕಿ ಅದನ್ನು ಕಿತ್ತು ಕೊಟ್ಟವನು ಅವನು. ಇದನ್ನು ಹೇಳುವಾಗ ಇವತ್ತಿಗೂ ನನ್ನ ಮುಖದಲ್ಲಿ ನಗು ಬರುತ್ತದೆ ಅಂತ ಗೆಳತಿ ಬೈಯುತ್ತಾಳೆ. ಬರುತ್ತದೆ, ಏನು ಮಾಡಲಿ. ಕೆಟ್ಟವನಾಗಿ ಶುರುವಾಗಿದ್ದರೆ ನಾನು ಐದು ವರ್ಷ ಇರುತ್ತಿದ್ದೆನೇ?

ಅವನದು ಐದು ಜನರ ಬ್ಯಾಂಡ್, ಅವನು ಹಾಡುತ್ತಿದ್ದ, ಗಿಟಾರ್ ನುಡಿಸುತ್ತಿದ್ದ. ಆಗ ಕನ್ನಡದಲ್ಲಿ ಹಾಡುವ ಬ್ಯಾಂಡುಗಳ ಮೇಲೆ ಒಂಥರಾ ಆಸೆ ಹುಟ್ಟಿದ್ದ ಕಾಲ. 2008ರಲ್ಲಿ ರಘು ದೀಕ್ಷಿತ್ ಅವರ ಮೊದಲ ಆಲ್ಬಮ್ ಬಂದಮೇಲೆ ಪಬ್ಬಿನಲ್ಲೂ ಕನ್ನಡ ನಡೆಯುತ್ತದೆ ಅಂತ ಎಲ್ಲರಿಗೂ ಧೈರ್ಯ ಬಂದಿತ್ತು. ಇವನಿಗೂ ಕನ್ನಡದಲ್ಲಿ ಹಾಡಬೇಕು, ಆದರೆ ಬರೆಯಲು ಬಾರದು. ಬೆಂಗಳೂರಿನಲ್ಲೇ ಬೆಳೆದ ಇಂಗ್ಲಿಷ್ ಮೀಡಿಯಂ ಹುಡುಗ, ಒತ್ತಕ್ಷರ ಕಂಡರೆ ಬೆವರುತ್ತಿದ್ದ. ನಾನು ಬರೆದುಕೊಟ್ಟೆ. ಒಂದಲ್ಲ, ಹನ್ನೊಂದು. ಆ ಕಥೆ ಆಮೇಲೆ.

2012ರ ಕೊನೆಗೆ ಒಟ್ಟಿಗೆ ಮನೆ ಮಾಡಿದೆವು. ಬಾಡಿಗೆ ಕರಾರು ನನ್ನ ಹೆಸರಲ್ಲಿ. ಅವನ ಹೆಸರೂ ಸೇರಿಸೋಣ ಅಂದರೆ, "ಬೇಡ, ಫ್ಯಾನ್ಸ್‌ಗೆ ಗೊತ್ತಾದ್ರೆ ಸರಿ ಇರಲ್ಲ, ಇಮೇಜ್ ಹೋಗುತ್ತೆ." ಫೇಸ್‌ಬುಕ್ಕಿನಲ್ಲಿ ಒಂದು ಫೋಟೊ ಇಲ್ಲ. ಶೋಗೆ ಹೋದರೆ ನಾನು ಹಿಂದೆ, ಸೌಂಡ್ ಇಂಜಿನಿಯರ್ ಪಕ್ಕ. ಯಾರಾದರೂ ಕೇಳಿದರೆ "ಫ್ಯಾಮಿಲಿ ಫ್ರೆಂಡ್". ಬ್ಯಾಂಡಿನ ಡ್ರಮ್ಮರ್ ಹುಡುಗ ಒಬ್ಬ ಮಾತ್ರ, ಮನೆಗೆ ಬಂದಾಗ, ಯಾರೂ ಹೇಳಿಕೊಡದೆ "ಅತ್ತಿಗೆ" ಅಂತ ಕರೆಯುತ್ತಿದ್ದ. ಅದು ಎಷ್ಟು ಬೆಲೆ ಬಾಳುವ ಪದ ಅಂತ ನನಗೆ ಗೊತ್ತಾಗಿದ್ದು ನಾಲ್ಕು ವರ್ಷ ಕಳೆದು, ವಕೀಲರ ಎದುರು ಕೂತಾಗ.

ಮೊದಲ ವರ್ಷ ಚೆನ್ನಾಗಿತ್ತು. ಆಮೇಲೆ ಶೋ ರದ್ದಾದ ರಾತ್ರಿಗಳು ಶುರುವಾದವು. ಬೆಂಗಳೂರಿನಲ್ಲಿ ಪಬ್, ಹೋಟೆಲಿನಲ್ಲಿ ಲೈವ್ ಮ್ಯೂಸಿಕ್ ನಡೆಸಬೇಕಾದರೆ ಪೊಲೀಸ್ ಲೈಸೆನ್ಸ್ ಬೇಕು ಅಂತ 2005ರಲ್ಲಿ ಒಂದು ಆದೇಶ ಬಂದಿತ್ತು. ಡ್ಯಾನ್ಸ್ ಬಾರ್‌ಗಳಿಗೂ ರಾಕ್ ಬ್ಯಾಂಡುಗಳಿಗೂ ಸೇರಿಸಿ ಒಂದೇ ಬಲೆ. ಲೈಸೆನ್ಸ್ ಇಲ್ಲ ಅಂತಲೋ ಹೊತ್ತು ಮೀರಿತು ಅಂತಲೋ ಅರ್ಧದಲ್ಲೇ ನಿಲ್ಲಿಸಿದರೆ ದುಡ್ಡೂ ಅರ್ಧ. ಇಪ್ಪತ್ತೈದು ಸಾವಿರಕ್ಕೆ ಒಪ್ಪಿದ ಶೋಗೆ ಹನ್ನೆರಡು ಕೈಗೆ ಬಂದು, ಐದು ಜನ ಹಂಚಿಕೊಂಡು, ಟೆಂಪೋದವನಿಗೆ ಕೊಟ್ಟರೆ ಉಳಿಯುತ್ತಿದ್ದದ್ದು ಪೆಟ್ರೋಲಿಗೆ. ಅವನ ಸಿಟ್ಟಿಗೆ ಕಾರಣ ಇರಲಿಲ್ಲ ಅನ್ನುವುದಿಲ್ಲ. ಆದರೆ ಆ ಸಿಟ್ಟು ಪೊಲೀಸರ ಹತ್ತಿರಕ್ಕಾಗಲಿ, ಪಬ್ಬಿನ ಮ್ಯಾನೇಜರ್ ಹತ್ತಿರಕ್ಕಾಗಲಿ ಹೋಗದೆ, ಎಚ್ಚರಿಕೆಯಿಂದ ಮೆಟ್ಟಿಲು ಹತ್ತಿ ನಮ್ಮ ಎರಡನೇ ಮಹಡಿಗೇ ಬರುತ್ತಿತ್ತು.

ಒಂದು ರಾತ್ರಿ ಮಾತ್ರ ಹೇಳುತ್ತೇನೆ. ಅಮ್ಮ ಊರಿಂದ ಅಪ್ಪೆಮಿಡಿ ಉಪ್ಪಿನಕಾಯಿ ಕಳಿಸಿದ್ದಳು, ದೊಡ್ಡ ಗಾಜಿನ ಭರಣಿ ತುಂಬ. ಸಾಗರದ ಕಡೆಯವರಿಗೆ ಅಪ್ಪೆಮಿಡಿ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಮಿಡಿ ಕೊಯ್ಯುವಾಗ ನೆಲಕ್ಕೆ ಬೀಳಿಸದ ಹಾಗೆ, ತೊಟ್ಟು ಮುರಿಯದ ಹಾಗೆ ಇಳಿಸಿ, ಉಪ್ಪಿನಲ್ಲಿ ಚಿರುಟಿಸಿ, ವರ್ಷಗಟ್ಟಲೆ ಇಡುವ ಪದಾರ್ಥ ಅದು. ಅವನು ಹನ್ನೆರಡೂವರೆಗೆ ಬಂದ. ಊಟಕ್ಕೆ ಬಡಿಸುತ್ತಾ "ನಾಳೆ ಬಾಡಿಗೆ ಕೊಡಬೇಕು" ಅಂದೆ, ಅಷ್ಟೇ. ಹೆಗಲಿಗೆ ಗಿಟಾರ್ ಇತ್ತು. ಅದನ್ನು ಇಳಿಸಿದ. ಬ್ಯಾಗಿನ ಜಿಪ್ ತೆಗೆದ. ಗಿಟಾರ್ ಹೊರತೆಗೆದು ಮೂಲೆಯ ಸ್ಟ್ಯಾಂಡಿನಲ್ಲಿ ಕೂರಿಸಿದ, ಸರಿಯಾಗಿ ಕೂತಿದೆಯಾ ಅಂತ ಒಮ್ಮೆ ಅಲ್ಲಾಡಿಸಿಯೂ ನೋಡಿದ. ಆಮೇಲೆ ತಿರುಗಿ ಬಂದು ಭರಣಿ ಎತ್ತಿ ಗೋಡೆಗೆ ಎಸೆದ.

ಗಾಜು ಆರಿಸಿದೆ. ಸಾಸಿವೆ ಖಾರದ ರಸ ಗೋಡೆಯ ಬುಡದ ಟೈಲ್ಸ್ ಸಂದಿಗೆ ಇಳಿದು ಮೂರು ವಾರ ವಾಸನೆ ಬಿಡಲಿಲ್ಲ. ಅಮ್ಮ ಫೋನ್ ಮಾಡಿ "ಮಿಡಿ ಹೆಂಗಾಗಿದ್ದು?" ಅಂತ ಕೇಳಿದರೆ "ಚೊಲೋ ಇದ್ದು ಅಮ್ಮಾ" ಅಂದೆ.

ಮಾರನೇ ದಿನ ಅವನು ತನ್ನ ದೇವರುಗಳನ್ನೆಲ್ಲ ಕರೆದು ತಂದ. 1964ರಲ್ಲಿ ಲಂಡನ್ನಿನಲ್ಲಿ ದ ಹೂ ಬ್ಯಾಂಡಿನ ಪೀಟ್ ಟೌನ್‌ಶೆಂಡ್ ಸ್ಟೇಜಿನ ಮೇಲೆ ಗಿಟಾರ್ ಒಡೆದ, 1967ರಲ್ಲಿ ಮಾಂಟೆರೇಯಲ್ಲಿ ಜಿಮಿ ಹೆಂಡ್ರಿಕ್ಸ್ ಗಿಟಾರಿಗೆ ಬೆಂಕಿ ಹಚ್ಚಿದ, "ರಾಕ್ ಅಂದ್ರೇನೇ ಹಂಗೆ ಕಣೇ, ಒಳಗಿಂದ ಉಕ್ಕುತ್ತೆ, ಕಂಟ್ರೋಲ್ ಇರಲ್ಲ." ಕೇಳಿಸಿಕೊಂಡೆ. ಬಹಳ ದಿನದ ಮೇಲೆ ಹೊಳೆಯಿತು: ಅವರು ಒಡೆದದ್ದು, ಸುಟ್ಟದ್ದು ತಮ್ಮ ಗಿಟಾರು. ಇವನು ಐದು ವರ್ಷದಲ್ಲಿ ನನ್ನ ಎರಡು ಫೋನು, ಒಂದು ಮಿಕ್ಸಿ ಜಾರು, ನನ್ನ ಕನ್ನಡಕ, ಅಮ್ಮನ ಭರಣಿ ಒಡೆದ. ಗಿಟಾರಿನ ಮೇಲೆ ಒಂದು ಗೀರು ಇಲ್ಲ. ಕಂಟ್ರೋಲ್ ಇಲ್ಲದವನು ಜಿಪ್ ತೆಗೆಯುತ್ತಾನೆಯೇ? ಸ್ಟ್ಯಾಂಡ್ ಅಲ್ಲಾಡಿಸಿ ನೋಡುತ್ತಾನೆಯೇ? ಫೋನ್ ಮಾಡಿದ ಹುಡುಗಿಗೆ ನಾನು ಮೊದಲು ಕೇಳಿದ್ದೂ ಇದನ್ನೇ. "ಸಿಟ್ಟು ಬಂದಾಗ ಗಿಟಾರ್ ಎಲ್ಲಿರುತ್ತಮ್ಮಾ?" ಅವಳು ತುಂಬ ಹೊತ್ತು ಮಾತಾಡಲಿಲ್ಲ.

ಇನ್ನೊಂದು, ಅವನು ಬಾಯಿಬಿಟ್ಟು ತಪ್ಪಾಯ್ತು ಅಂದವನಲ್ಲ. ಜಗಳವಾಗಿ ಎರಡು ದಿನಕ್ಕೆ ಒಂದು ಟ್ಯೂನ್ ತರುತ್ತಿದ್ದ. "ಇದು ನಿಂಗೇ, ಮಾತು ಹಾಕು." ನಾನು ಕೂತು ಬರೆಯುತ್ತಿದ್ದೆ. ಅಂದರೆ ನೋಡಿ, ಅವನ ಕ್ಷಮಾಪಣೆಯನ್ನೂ ನಾನೇ ಬರೆದುಕೊಟ್ಟಿದ್ದೇನೆ. ಜನ ಮೊಬೈಲ್ ದೀಪ ಎತ್ತಿ ಅಲ್ಲಾಡಿಸುತ್ತಾ ಆ ಹಾಡು ಕೇಳುವಾಗ, ಸೌಂಡ್ ಬೋರ್ಡಿನ ಪಕ್ಕ ನಿಂತು ನಾನೂ ಅತ್ತಿದ್ದೇನೆ.

ಆಲ್ಬಮ್ ಬಂದಾಗ ಸಾಹಿತ್ಯ ಅಂತ ಇದ್ದ ಕಡೆ ಅವನ ಹೆಸರು. ಕೇಳಿದರೆ "ನಾವಿಬ್ರೂ ಬೇರೆನಾ?" ಈ ವಿಷಯದಲ್ಲಿ ಬರೆಯುವ ಹುಡುಗಿಯರು ಸ್ವಲ್ಪ ಗಮನ ಕೊಡಿ. ಹಾಡಿನ ಸಾಹಿತ್ಯ ಕಾನೂನಿನ ಪ್ರಕಾರ ಟ್ಯೂನಿಗಿಂತ ಬೇರೆಯೇ ಕೃತಿ. ಬರೆದ ಗಳಿಗೆಯಿಂದಲೇ ಹಕ್ಕು ಬರೆದವರದು, ನೋಂದಣಿ ಕಡ್ಡಾಯ ಇಲ್ಲ. ಅದನ್ನು ಇನ್ನೊಬ್ಬರಿಗೆ ಬಿಟ್ಟುಕೊಡಬೇಕಾದರೆ ಬರಹದಲ್ಲಿ, ಸಹಿ ಹಾಕಿ ಕೊಡಬೇಕು; ಅಡುಗೆಮನೆಯಲ್ಲಿ "ತಗೋ" ಅಂದದ್ದು ಲೆಕ್ಕಕ್ಕಿಲ್ಲ. ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿಯ ನಂತರ ರಾಯಲ್ಟಿಯಲ್ಲಿ ಸಾಹಿತ್ಯ ಬರೆದವರ ಪಾಲು ಇನ್ನೂ ಗಟ್ಟಿಯಾಗಿದೆ. ನನ್ನ ಹನ್ನೊಂದು ಹಾಡುಗಳಲ್ಲಿ ನಾಲ್ಕನ್ನು ಮಾತ್ರ ಮೇಲ್‌ನಲ್ಲಿ ಕಳಿಸಿದ್ದೆ. ತಾರೀಕು ಸಮೇತ ಉಳಿದದ್ದು ಆ ನಾಲ್ಕೇ. ಉಳಿದವು ಶೋನಲ್ಲಿ ಹಾಡುವ ಹಾಡುಗಳ ಪಟ್ಟಿಯ ಹಿಂಬದಿ, ಔಷಧಿ ಚೀಟಿಯ ಮೇಲೆ ಬರೆದವು, ಎಲ್ಲಿ ಹೋದವೋ.

ಈಗ ಸಾಲ. 2014ರಲ್ಲಿ ಹೊಸ ಆಂಪ್, ಗಿಟಾರಿನ ದನಿ ಬದಲಿಸುವ ಪೆಡಲ್‌ಗಳು, ರೆಕಾರ್ಡಿಂಗ್ ಖರ್ಚು ಅಂತ ನಾಲ್ಕು ಲಕ್ಷ ಬೇಕಾಯಿತು. ಸ್ಯಾಲರಿ ಸ್ಲಿಪ್ ಇಲ್ಲದವನಿಗೆ ಬ್ಯಾಂಕು ಕೊಡಲಿಲ್ಲ. ಒಂದು ಪತ್ತಿನ ಸಹಕಾರ ಸಂಘದಲ್ಲಿ ಷೇರು ತೆಗೆದುಕೊಂಡು ಸದಸ್ಯನಾದ, ನಾನೂ ಆದೆ, ಜಾಮೀನುದಾರಳಾಗಿ ಸಹಿ ಹಾಕಿದೆ. ಮೂವತ್ತಾರು ಕಂತು, ತಿಂಗಳಿಗೆ 13,866 ರೂಪಾಯಿ. ಅವನು ಕಟ್ಟಿದ್ದು ಐದು.

ಜಾಮೀನು ಅಂದರೆ ಸಾಕ್ಷಿ ಸಹಿಯ ಥರ ಅಂತ ನಾನು ಅಂದುಕೊಂಡಿದ್ದೆ. ಅವನಿಂದ ವಸೂಲಾಗದೆ ಹೋದರೆ ಕೊನೆಗೆ ನನ್ನನ್ನು ಕೇಳಬಹುದು ಅಂತ. ಹಾಗಿಲ್ಲ. 1872ರ ಕರಾರು ಕಾಯ್ದೆಯ 128ನೇ ಸೆಕ್ಷನ್ ಪ್ರಕಾರ ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ ಹೊಣೆ. ಮೊದಲು ಅವನ ಬೆನ್ನು ಹತ್ತಿ ಆಮೇಲೆ ನಮ್ಮ ಹತ್ತಿರ ಬರಬೇಕು ಅಂತೇನೂ ಇಲ್ಲ. ಸಂಬಳ ಬರುವವಳು ನಾನು, ವಿಳಾಸ ಬದಲಾಗದವಳೂ ನಾನು. ಪತ್ರ ನೇರ ನನ್ನ ಆಫೀಸಿಗೆ ಬಂತು. ಎಚ್‌ಆರ್ ಹುಡುಗಿ ಕವರ್ ಕೊಡುವಾಗ ಕಣ್ಣು ತಪ್ಪಿಸಿದ್ದು ಈಗಲೂ ನೆನಪಿದೆ. ಉಳಿದ ಮೂವತ್ತೊಂದು ಕಂತು ನಾನು ಕಟ್ಟಿದೆ, ಒಟ್ಟು 4,29,846. ದಂಡದ ಬಡ್ಡಿ ಬೇರೆ.

ಹೀಗೆ ಕಟ್ಟಿದ್ದನ್ನು ಸಾಲಗಾರನಿಂದ ವಸೂಲು ಮಾಡುವ ಹಕ್ಕು ಜಾಮೀನುದಾರನಿಗೆ ಇದೆ. ಆದರೆ ಕಟ್ಟಿದ ದಿನದಿಂದ ಮೂರು ವರ್ಷದೊಳಗೆ ದಾವೆ ಹಾಕಬೇಕು. ಆ ಅವಧಿ ಮುಗಿಯುವ ಮುಂಚೆ "ಹೌದು, ಇಷ್ಟು ಕೊಡಬೇಕು" ಅಂತ ಅವನು ಸಹಿ ಹಾಕಿ ಬರೆದುಕೊಟ್ಟರೆ ಮೂರು ವರ್ಷ ಮತ್ತೆ ಹೊಸದಾಗಿ ಶುರುವಾಗುತ್ತದೆ. ಅವನು ಬರೆದುಕೊಡಲಿಲ್ಲ. ಮೆಸೇಜ್ ಹಾಕಿದರೆ ಉತ್ತರ ಇಲ್ಲ, ಐದು ನಿಮಿಷಕ್ಕೆ ಕಾಲ್ ಬರುತ್ತಿತ್ತು: "ಆಲ್ಬಮ್ ದುಡ್ಡು ಬರಲಿ, ಮೊದಲು ನಿಂದೇ ಕ್ಲಿಯರ್ ಮಾಡ್ತೀನಿ." ಎಲ್ಲ ಬಾಯಿಮಾತು. ಬೇಕೆಂದೇ ಹಾಗೆ ಮಾಡುತ್ತಿದ್ದ ಅಂತ ನನಗೆ ಅನಿಸುತ್ತದೆ. ನಾನು ಕಾಯುತ್ತಾ ಕೂತೆ, ಮೊದಲ ಕಂತುಗಳ ಅವಧಿ ಮುಗಿದೇ ಹೋಯಿತು.

2016ರಲ್ಲಿ ಮಣಿಕಟ್ಟು ಹಿಡಿದು ತಿರುಚಿದ ದಿನ ನಾನು ಹೊರಬಂದೆ. ಅದನ್ನು ಇಲ್ಲಿ ವಿವರಿಸುವುದಿಲ್ಲ. ವನಿತಾ ಸಹಾಯವಾಣಿಗೆ ಹೋದೆ, ಅಲ್ಲಿಂದ ಒಬ್ಬ ವಕೀಲರ ಹತ್ತಿರ. ಮದುವೆಯಾಗದೆ ಒಟ್ಟಿಗೆ ಇದ್ದವರಿಗೂ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ರಕ್ಷಣೆ ಉಂಟು. ಬರೀ ಹೊಡೆತ ಅಲ್ಲ, ದುಡ್ಡಿನ ವಿಷಯದಲ್ಲಿ ಹಿಂಸಿಸುವುದೂ ಅದರಲ್ಲಿ ಬರುತ್ತದೆ. ಆದರೆ ಸಂಬಂಧ ಮದುವೆಯಂಥದ್ದೇ ಆಗಿತ್ತು ಅಂತ ತೋರಿಸಬೇಕು. ಸಮಾಜದ ಎದುರು ಗಂಡ ಹೆಂಡತಿಯ ಹಾಗೆ ಇದ್ದಿರಬೇಕು ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ವಕೀಲರು ಒಂದೊಂದೇ ಕೇಳಿದರು. ಬಾಡಿಗೆ ಕರಾರಲ್ಲಿ ಇಬ್ಬರ ಹೆಸರು? ಇಲ್ಲ. ಜಂಟಿ ಖಾತೆ? ಇಲ್ಲ. ಫೋಟೊ? ಇಲ್ಲ. "ನಿಮ್ಮನ್ನು ಯಾರಾದರೂ ಅವರ ಮನೆಯವರು ಅಂತ ಕರೀತಿದ್ರಾ?"

ಡ್ರಮ್ಮರ್ ಹುಡುಗನಿಗೆ ಫೋನ್ ಮಾಡಿದೆ. ಅವನಿಗೆ ಅಷ್ಟರಲ್ಲಿ ಮದುವೆ ನಿಶ್ಚಯವಾಗಿತ್ತು, ಬ್ಯಾಂಡಿನ ಪ್ರವಾಸ ಬೇರೆ ಇತ್ತು. ಎಲ್ಲ ಕೇಳಿಸಿಕೊಂಡು ಹೇಳಿದ, "ನನ್ನನ್ನು ಕೋರ್ಟಿಗೆಲ್ಲ ಎಳೀಬೇಡಿ ಅತ್ತಿಗೆ."

ಕೇಸು ಹಾಕಲಿಲ್ಲ. ಹಾಕಬೇಕಿತ್ತು, ಅದು ನನ್ನ ತಪ್ಪು. ನೀವು ಆ ಜಾಗದಲ್ಲಿದ್ದರೆ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ, ತಕ್ಷಣದ ಅಪಾಯ ಇದ್ದರೆ 112. ನಮ್ಮ ರಾಜ್ಯದಲ್ಲಿ ಸಿಡಿಪಿಒ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಅವರೇ ಈ ಕಾಯ್ದೆಯ ಸಂರಕ್ಷಣಾಧಿಕಾರಿ, ಅಂಗನವಾಡಿಯಲ್ಲಿ ಕೇಳಿದರೂ ಅವರ ಆಫೀಸು ಎಲ್ಲಿ ಅಂತ ಹೇಳುತ್ತಾರೆ. ಒಡೆದ ಸಾಮಾನಿನ ಫೋಟೊ ತೆಗೆದಿಡಿ. ಸಾಲ ಕೊಟ್ಟಿದ್ದರೆ ಫೋನಿನಲ್ಲಿ ಮಾತಾಡಬೇಡಿ, ಬರೆಸಿಕೊಳ್ಳಿ. ಜೊತೆಗೆ ಇರುವುದನ್ನು ಬಚ್ಚಿಡು ಅಂತ ಯಾರಾದರೂ ಪ್ರೀತಿಯಿಂದ ಹೇಳಿದರೆ, ಯಾರ ಅನುಕೂಲಕ್ಕೆ ಅಂತ ಒಂದು ಸಲ ಕೇಳಿ.

ಗಿಟಾರ್ ನುಡಿಸುವವರೆಲ್ಲ ಹೀಗೆ ಅಂತ ನಾನು ಹೇಳುತ್ತಿಲ್ಲ. ಅದೇ ಬ್ಯಾಂಡಿನ ಬಾಸ್ ನುಡಿಸುವವರು ಹಗಲು ಕೆಲಸ ಮಾಡಿ ಮನೆ ನಡೆಸಿ ರಾತ್ರಿ ಶೋಗೆ ಬರುತ್ತಿದ್ದರು. ನಾನೂ ಈಗಲೂ ಶೋಗಳಿಗೆ ಹೋಗುತ್ತೇನೆ, ಮುಂದೆ ಹೋಗಿ ನಿಲ್ಲುತ್ತೇನೆ.

ಆ ಹುಡುಗಿ ನಿನ್ನೆ ಮತ್ತೆ ಫೋನ್ ಮಾಡಿದ್ದಳು. ಸ್ಯಾಲರಿ ಸ್ಲಿಪ್ ಆಗಲೇ ಅವನ ಕೈಲಿದೆಯಂತೆ. ಫೋಟೊ ಇನ್ನೂ ಕೊಟ್ಟಿಲ್ಲವಂತೆ.