ಅಣುಯುದ್ಧದ ಭಯಕ್ಕೆ ಮಾರಾಟವಾಗುವ ವಿಕಿರಣ ಮಾಪಕ: ಏಳು ತಿಂಗಳ ಬಳಕೆಯ ನಂತರ

ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದಾದ ಈ ವಿಕಿರಣ ಮಾಪಕವನ್ನು, ಎಂದರೆ ಗೈಗರ್ ಕೌಂಟರ್ ಎಂದೇ ಹೆಚ್ಚಿನವರಿಗೆ ಪರಿಚಿತವಾದ ಸಾಧನವನ್ನು, ನಾನು ಕೊಂಡದ್ದು ವಿಜ್ಞಾನದ ಮೇಲಿನ ಆಸಕ್ತಿಯಿಂದಲ್ಲ, ಭಯದಿಂದ. ಅಣ್ವಸ್ತ್ರವುಳ್ಳ ದೇಶಗಳ ನಾಯಕರು ಅದನ್ನು ಬಳಸುವ ಮಾತನ್ನು ಎಗ್ಗಿಲ್ಲದೆ ಆಡತೊಡಗಿದ ಮೇಲೆ ರಾತ್ರಿಯ ಸುದ್ದಿ ಮುಗಿದರೂ ನನಗೆ ನಿದ್ದೆ ಹತ್ತುತ್ತಿರಲಿಲ್ಲ. ಅಂಥದೇ ಒಂದು ರಾತ್ರಿ ಈ ಮಾಪಕದ ಜಾಹೀರಾತು ಕಣ್ಣಿಗೆ ಬಿತ್ತು. ಬಾಂಬ್ ಬಿದ್ದ ದಿನ ಕುಟುಂಬವನ್ನು ಕಾಪಾಡುವ ಸಾಧನ ಎಂಬರ್ಥದ ಮಾತು ಅದರಲ್ಲಿತ್ತು. ಮರುಯೋಚನೆ ಮಾಡದೆ ತರಿಸಿಕೊಂಡೆ. ಒಳಗಿನ ಯಂತ್ರ ಬಹುಮಟ್ಟಿಗೆ ಒಂದೇ ಆಗಿದ್ದು ಹೊರಗಿನ ಹೆಸರು ಮಾತ್ರ ಬೇರೆಯಾಗಿರುವ ಮಾಪಕಗಳು ಹತ್ತಾರಿವೆ. ಆದ್ದರಿಂದ ತಯಾರಕರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ನನ್ನ ಮಾತು ಈ ನಮೂನೆಗೇ ಅನ್ವಯಿಸುತ್ತದೆ.

ಮೊದಲು ಅದರ ಒಳ್ಳೆಯ ಗುಣವನ್ನು ಹೇಳಬೇಕು, ಏಕೆಂದರೆ ಅದು ನಿಜವಾಗಿಯೂ ಇದೆ. ಹಿಂಬದಿಯ ಜಾಲರಿಯ ಒಳಗೆ ಬೆರಳಿನಷ್ಟು ಉದ್ದದ ಗಾಜಿನ ಕೊಳವೆಯೊಂದು ಕಾಣುತ್ತದೆ. ಕಡಿಮೆ ಒತ್ತಡದಲ್ಲಿ ಅನಿಲ ತುಂಬಿದ ಆ ಕೊಳವೆಗೆ ಸುಮಾರು 400 ವೋಲ್ಟ್ ವಿದ್ಯುತ್ ಒತ್ತಡ ಕೊಟ್ಟಿರುತ್ತಾರೆ. ಗಾಮಾ ಕಿರಣವೊಂದು, ಎಂದರೆ ವಸ್ತುಗಳನ್ನು ತೂರಿ ಹೋಗಬಲ್ಲ ಒಂದು ಬಗೆಯ ವಿಕಿರಣ, ಅದನ್ನು ಹಾದು ಒಂದೇ ಒಂದು ಎಲೆಕ್ಟ್ರಾನನ್ನು ಬಿಡಿಸಿದರೂ ಸಾಕು, ಅದು ಮತ್ತೊಂದನ್ನು, ಅವೆರಡೂ ಇನ್ನೆರಡನ್ನು ಬಿಡಿಸುತ್ತ ಕ್ಷಣಾರ್ಧದಲ್ಲಿ ವಿದ್ಯುತ್ತಿನ ಪ್ರವಾಹವೇ ಹರಿದು ಒಂದು ಟಿಕ್ ಶಬ್ದವಾಗಿ ಕಿವಿಗೆ ಬೀಳುತ್ತದೆ. ಹಾನ್ಸ್ ಗೈಗರ್ ಮತ್ತು ವಾಲ್ಟರ್ ಮ್ಯೂಲರ್ 1928ರಲ್ಲಿ ರೂಪಿಸಿದ ಕೊಳವೆಯ ತತ್ವ ಇಂದಿಗೂ ಹಾಗೆಯೇ ಉಳಿದಿದೆ. ಪೆಟ್ಟಿಗೆಯಿಂದ ತೆಗೆದು ಮೇಜಿನ ಮೇಲಿಟ್ಟ ಮೊದಲ ಸಂಜೆ ಪರದೆಯ ಮೇಲೆ ಗಂಟೆಗೆ 0.12 ಮೈಕ್ರೋಸೀವರ್ಟ್ ಎಂದು ಬಂತು, ನಿಮಿಷಕ್ಕೆ ಇಪ್ಪತ್ತರಷ್ಟು ಟಿಕ್ ಕೇಳಿಸಿತು. ಸೀವರ್ಟ್ ಎಂದರೆ ದೇಹಕ್ಕೆ ತಗಲುವ ವಿಕಿರಣದ ಅಳತೆ, ಮೈಕ್ರೋಸೀವರ್ಟ್ ಅದರ ಹತ್ತು ಲಕ್ಷದಲ್ಲಿ ಒಂದು ಪಾಲು. ಏನೂ ಆಗದ ಮನೆಯಲ್ಲಿ, ಏನೂ ಆಗದ ಸಂಜೆಯಲ್ಲಿ, ವಿಕಿರಣ ನಮ್ಮ ಸುತ್ತ ಸದಾ ಇದ್ದೇ ಇತ್ತು ಎಂಬ ಅರಿವು ಆ ಟಿಕ್ ಟಿಕ್ ಶಬ್ದದಿಂದ ಆದಷ್ಟು ಗಾಢವಾಗಿ ಯಾವ ಪಾಠದಿಂದಲೂ ನನಗೆ ಆಗಿರಲಿಲ್ಲ. ಗ್ರಾನೈಟ್ ಕಲ್ಲಿನ ಮೆಟ್ಟಿಲ ಮೇಲಿಟ್ಟಾಗ ಅಂಕಿ ಏರಿತು. ವಿಮಾನ ಎತ್ತರಕ್ಕೇರಿದಾಗ ನೆಲದ ಮೇಲಿನ ಅಂಕಿಯ ಹತ್ತು ಪಟ್ಟನ್ನೂ ದಾಟಿತು, ಇಳಿದ ಮೇಲೆ ತನ್ನಷ್ಟಕ್ಕೆ 0.12ಕ್ಕೆ ಮರಳಿತು. ಇಷ್ಟರ ಮಟ್ಟಿಗೆ ಸಾಧನ ನಂಬಿಕೆಗೆ ಅರ್ಹವಾಗಿದೆ.

ತೊಂದರೆ ಶುರುವಾದದ್ದು ಎರಡನೆಯ ವಾರದಲ್ಲಿ. ರಾತ್ರಿ ಎರಡು ಗಂಟೆ ದಾಟಿತ್ತು. ನಡುಮನೆಯಲ್ಲಿ ಚಾಲೂ ಇಟ್ಟಿದ್ದ ಮಾಪಕ ಒಮ್ಮೆಲೇ ಕಿರುಚಿಕೊಂಡಿತು. ಎದ್ದು ಹೋಗಿ ನೋಡಿದರೆ ಪರದೆ ಕೆಂಪಾಗಿ, ಅದರ ಮೇಲೆ 0.31 ಎಂಬ ಅಂಕಿ ಮಿನುಗುತ್ತಿತ್ತು. ನನ್ನ ಹೆಂಡತಿ ಮಗುವನ್ನು ಎತ್ತಿಕೊಂಡು ಕಿಟಕಿಗಳನ್ನು ಒಂದೊಂದಾಗಿ ಮುಚ್ಚುತ್ತ ಬಂದಳು. ನಾನು ನಡುಗುವ ಕೈಯಲ್ಲಿ ಕೈಪಿಡಿಯ ಪುಟ ತಿರುವಿದೆ. ಎಚ್ಚರಿಕೆಯ ಗಂಟೆ 0.30ಕ್ಕೆ ಮೊಳಗುವಂತೆ ಕಾರ್ಖಾನೆಯಲ್ಲೇ ಹೊಂದಿಸಿದೆ ಎಂಬುದನ್ನು ಬಿಟ್ಟರೆ ಅದರಲ್ಲಿ ಬೇರೇನೂ ಇರಲಿಲ್ಲ. ಮುಂದಿನ ನಿಮಿಷದಲ್ಲಿ ಅಂಕಿ 0.14ಕ್ಕೆ ಇಳಿಯಿತು. ನಾವಿಬ್ಬರೂ ಬೆಳಗಿನ ತನಕ ಎದ್ದೇ ಕುಳಿತಿದ್ದೆವು.

ಆ ರಾತ್ರಿ ಆದದ್ದೇನು ಎಂಬುದು ಆಮೇಲೆ ಓದಿ ತಿಳಿಯಿತು. ವಿಕಿರಣದ ಕಣಗಳು ಗಡಿಯಾರದ ಮುಳ್ಳಿನಂತೆ ತಾಳ ಹಿಡಿದು ಬರುವುದಿಲ್ಲ, ಛಾವಣಿಯ ಮೇಲೆ ಬೀಳುವ ಬಿಡಿ ಮಳೆಹನಿಗಳಂತೆ ಬರುತ್ತವೆ. ಈ ಮಾಪಕ 30 ಸೆಕೆಂಡಿನ ಎಣಿಕೆಯನ್ನು ಹಿಡಿದು ಲೆಕ್ಕ ಹಾಕುತ್ತದೆ. ಅಷ್ಟು ಹೊತ್ತಿನಲ್ಲಿ ಸರಾಸರಿ 10 ಎಣಿಕೆ ಬರುವ ಕಡೆ ಒಮ್ಮೆ 6, ಇನ್ನೊಮ್ಮೆ 14 ಬರುವುದು ತೀರಾ ಸಹಜ. ಹಗಲೂ ರಾತ್ರಿ ಚಾಲೂ ಇಟ್ಟರೆ ಎಂದೋ ಒಂದು ದಿನ ಅದು 25ನ್ನು ಮುಟ್ಟಿ ಗಂಟೆ ಬಾರಿಸಿಯೇ ಬಾರಿಸುತ್ತದೆ. ಹತ್ತು ನಿಮಿಷ ಎಣಿಸಿ ಸರಾಸರಿ ತೆಗೆದರೆ ಒಟ್ಟು 200ರಷ್ಟು ಎಣಿಕೆ ಸಿಕ್ಕಿ ಏರಿಳಿತ ನೂರಕ್ಕೆ ಏಳರ ಆಸುಪಾಸಿಗೆ ಇಳಿಯುತ್ತದೆ. ಈ ಒಂದು ಸಾಲನ್ನು ಕೈಪಿಡಿಯಲ್ಲಿ ಅಚ್ಚು ಹಾಕಿದ್ದರೆ ನಮ್ಮ ಆ ರಾತ್ರಿ ಉಳಿಯುತ್ತಿತ್ತು. ಇನ್ನೂ ಒಂದು ಮಾತು. 0.31 ಎಂಬ ಅಂಕಿ ವರ್ಷವಿಡೀ ಹಾಗೆಯೇ ನಿಂತಿದ್ದರೂ ಒಟ್ಟು 2.7 ಮಿಲಿಸೀವರ್ಟ್, ಎಂದರೆ ಸುಮಾರು 2,700 ಮೈಕ್ರೋಸೀವರ್ಟ್ ಆಗುತ್ತಿತ್ತು. ಉಸಿರಿನೊಂದಿಗೆ ಒಳಹೋಗುವ ರೇಡಾನ್ ಅನಿಲವೂ ಸೇರಿದಂತೆ ಪ್ರಕೃತಿಯಿಂದಲೇ ಮನುಷ್ಯರಿಗೆ ತಗಲುವ ವಿಕಿರಣದ ಜಾಗತಿಕ ಸರಾಸರಿ ವರ್ಷಕ್ಕೆ 2.4 ಮಿಲಿಸೀವರ್ಟ್. ದೇಹಕ್ಕೆ ವಿಕಿರಣ ಕಾಯಿಲೆ ತಟ್ಟುವುದು ಅಲ್ಪಾವಧಿಯಲ್ಲಿ ಸುಮಾರು 1 ಸೀವರ್ಟ್, ಎಂದರೆ 1,000 ಮಿಲಿಸೀವರ್ಟ್ ತಗಲಿದಾಗ. ಹಾಗಿರುವಾಗ 0.30ಕ್ಕೆ ಕೆಂಪು ಪರದೆ ತೋರಿಸುವುದು ಎಚ್ಚರಿಕೆಯಲ್ಲ, ಮೊದಲೇ ಹೆದರಿರುವವರನ್ನು ಮತ್ತಷ್ಟು ಹೆದರಿಸುವ ಕೆಲಸ.

ಆದರೂ ಇದಕ್ಕಿಂತ ದೊಡ್ಡ ದೋಷ ಬೇರೆಯೇ ಇದೆ, ಈ ವಿಮರ್ಶೆಯನ್ನು ಬರೆಯಲು ಕುಳಿತದ್ದೂ ಅದಕ್ಕಾಗಿಯೇ. ಯಾವ ದಿನಕ್ಕೆಂದು ಇದನ್ನು ಮಾರುತ್ತಾರೋ ಆ ದಿನಕ್ಕೆ ಇದು ಒದಗುವುದಿಲ್ಲ. ಕೈಪಿಡಿಯ ಕೊನೆಯ ಪುಟದಲ್ಲಿ, ಭೂತಗನ್ನಡಿ ಹಿಡಿದು ಓದಬೇಕಾದ ಅಕ್ಷರಗಳಲ್ಲಿ, ಇದರ ಗರಿಷ್ಠ ಮಿತಿ ಗಂಟೆಗೆ 1,000 ಮೈಕ್ರೋಸೀವರ್ಟ್ ಎಂದು ಬರೆದಿದೆ. ನೆಲಮಟ್ಟದಲ್ಲಿ ಸ್ಫೋಟಿಸಿದ ಅಣುಬಾಂಬಿನ ವಿಕಿರಣ ಧೂಳು ಬಿದ್ದ ಪ್ರದೇಶವನ್ನು ಅಪಾಯದ ವಲಯವೆಂದು ಕರೆಯಲು ಅಮೆರಿಕದ ಸರ್ಕಾರಿ ಮಾರ್ಗಸೂಚಿ ಇಟ್ಟುಕೊಂಡಿರುವ ಅಳತೆ ಗಂಟೆಗೆ 10 ರಾಂಟ್ಜನ್. ರಾಂಟ್ಜನ್ ಎಂಬುದು ವಿಕಿರಣದ ಹಳೆಯ ಮಾನ. ಅದನ್ನು ಈ ಮಾಪಕದ ಭಾಷೆಗೆ ತಂದರೆ ಸರಿಸುಮಾರು 1,00,000 ಮೈಕ್ರೋಸೀವರ್ಟ್. ಎಂದರೆ ಅಪಾಯದ ವಲಯದ ಹೊಸ್ತಿಲಿನಲ್ಲಿ ನಿಂತಾಗಲೇ ವಿಕಿರಣ ಇದರ ಶಕ್ತಿಯ ನೂರು ಪಟ್ಟು ಇರುತ್ತದೆ. ಕೊಳವೆಗೆ ಒಂದು ಟಿಕ್ ಮತ್ತು ಇನ್ನೊಂದರ ನಡುವೆ ಸುಧಾರಿಸಿಕೊಳ್ಳಲು ಒಂದಿಷ್ಟು ಸಮಯ ಬೇಕು. ಕಣಗಳು ಪುಂಖಾನುಪುಂಖವಾಗಿ ಬಂದಾಗ ಅದಕ್ಕೆ ಆ ಬಿಡುವು ಸಿಗದೆ, ಸರಿಯಾಗಿ ರೂಪಿಸದ ಮಾಪಕಗಳಲ್ಲಿ ಅಂಕಿ ಏರುವ ಬದಲು ಇಳಿದು ಸೊನ್ನೆಯನ್ನೂ ತೋರಿಸಬಹುದು. ಮೌನವಾದ ಮಾಪಕವನ್ನು ಹಿಡಿದು ಸುರಕ್ಷಿತವೆಂದು ನಂಬಿ ಹೊರಗೆ ಕಾಲಿಡುವ ಮನುಷ್ಯನನ್ನು ನೆನೆದರೆ ನನಗೆ ಮೈ ನಡುಗುತ್ತದೆ.

ಇದು ಕೇವಲ ಊಹೆಯ ಮಾತಲ್ಲ. 1986ರ ಏಪ್ರಿಲ್ 26ರಂದು ಸೋವಿಯತ್ ಒಕ್ಕೂಟದ ಚೆರ್ನೋಬಿಲ್ ಅಣುವಿದ್ಯುತ್ ಸ್ಥಾವರ ಸ್ಫೋಟಿಸಿದ ರಾತ್ರಿ ಸಿಬ್ಬಂದಿಯ ಕೈಗೆ ಸಿಕ್ಕ ಮಾಪಕಗಳ ಮಿತಿ ಗಂಟೆಗೆ 3.6 ರಾಂಟ್ಜನ್ ಮಾತ್ರವಾಗಿತ್ತು. ಅವು ತೋರಿಸಬಹುದಾದ ಗರಿಷ್ಠ ಅಂಕಿಯನ್ನೇ ನಿಜವಾದ ಮಟ್ಟವೆಂಬಂತೆ ಮೇಲಿನವರಿಗೆ ವರದಿ ಮಾಡಲಾಯಿತು. ಒಡೆದ ಕಟ್ಟಡದ ಬಳಿ ವಿಕಿರಣ ಅದರ ಸಾವಿರಾರು ಪಟ್ಟು ಇತ್ತು. ಶೀತಲ ಸಮರದ ಕಾಲದಲ್ಲಿ ಅಮೆರಿಕದ ನಾಗರಿಕ ರಕ್ಷಣಾ ಇಲಾಖೆ ಹಂಚಿದ ಹಳದಿ ಬಣ್ಣದ ಮಾಪಕಗಳಲ್ಲಿ ಈ ತಿಳಿವಳಿಕೆ ಮೊದಲೇ ಇತ್ತು. ಸಿಡಿ ವಿ-700 ಎಂಬ ಗೈಗರ್ ಮಾಪಕ ಸಣ್ಣ ಪ್ರಮಾಣಗಳಿಗೆ, ಗಂಟೆಗೆ 500 ರಾಂಟ್ಜನ್ ತನಕ ಅಳೆಯುವ ಸಿಡಿ ವಿ-715 ಎಂಬ ಬೇರೆಯೇ ಬಗೆಯ ಮಾಪಕ ಯುದ್ಧದ ದಿನಕ್ಕೆ. ಎರಡು ಕೆಲಸಕ್ಕೆ ಎರಡು ಸಾಧನ ಬೇಕೆಂದು ಅವರಿಗೆ ಅಂದೇ ತಿಳಿದಿದ್ದಾಗ, ಮೊದಲನೆಯದರ ಕೆಲಸ ಮಾಡುವ ಯಂತ್ರವನ್ನು ಎರಡನೆಯದರ ಹೆಸರು ಹೇಳಿ ಮಾರುವುದನ್ನು ನಾನು ಒಪ್ಪಲಾರೆ.

ಪೆಟ್ಟಿಗೆಯ ಜತೆಗೆ ಪೊಟ್ಯಾಸಿಯಂ ಅಯೋಡೈಡ್ ಮಾತ್ರೆಗಳ ಒಂದು ಪಟ್ಟಿಯೂ ಬಂದಿತ್ತು, ಅದರ ಮೇಲೆ ವಿಕಿರಣ ನಿರೋಧಕ ಎಂದು ಬರೆದಿತ್ತು. ಮಾತ್ರೆ ಖೋಟಾ ಅಲ್ಲ, ಬರಹ ಮಾತ್ರ ದಾರಿ ತಪ್ಪಿಸುವಂಥದ್ದು. ವಯಸ್ಕರಿಗೆ 130 ಮಿಲಿಗ್ರಾಂ ಪ್ರಮಾಣದ ಈ ಮಾತ್ರೆ ಥೈರಾಯ್ಡ್ ಗ್ರಂಥಿಯನ್ನು ಸಾಧಾರಣ ಅಯೋಡಿನ್‌ನಿಂದ ತುಂಬಿಸಿ, ಎಂಟು ದಿನದ ಅರ್ಧಾಯುವಿನ, ಎಂದರೆ ಎಂಟು ದಿನಕ್ಕೊಮ್ಮೆ ಅರ್ಧಕ್ಕಿಳಿಯುವ, ವಿಕಿರಣಶೀಲ ಅಯೋಡಿನ್-131 ಅಲ್ಲಿ ನೆಲೆಯೂರದಂತೆ ತಡೆಯುತ್ತದೆ. ಅದಕ್ಕಿಂತ ಹೆಚ್ಚೇನನ್ನೂ ಮಾಡುವುದಿಲ್ಲ. ಸೀಸಿಯಂ ಎಂಬ ಮತ್ತೊಂದು ವಿಕಿರಣಶೀಲ ವಸ್ತುವಿನಿಂದಾಗಲಿ, ಹೊರಗಿನ ಧೂಳಿನಿಂದ ಮೈಗೆ ತಾಗುವ ಗಾಮಾ ಕಿರಣದಿಂದಾಗಲಿ ಅದು ಕಾಪಾಡದು. ಅಧಿಕಾರಿಗಳು ಹೇಳಿದ ಹೊತ್ತಿಗೆ, ಹೇಳಿದವರು ಮಾತ್ರ ತೆಗೆದುಕೊಳ್ಳಬೇಕಾದ ಔಷಧ ಅದು. 2022ರಲ್ಲಿ ಉಕ್ರೇನ್ ಮೇಲೆ ದಾಳಿ ಆರಂಭವಾದ ಬಳಿಕ ಯೂರೋಪಿನ ಔಷಧ ಅಂಗಡಿಗಳಲ್ಲಿ ಜನರು ಇದಕ್ಕೆ ಮುಗಿಬಿದ್ದದ್ದನ್ನು ನೆನೆದಾಗ, ನನ್ನಂತೆಯೇ ಎಷ್ಟು ಮಂದಿ ಅರ್ಧ ತಿಳಿದು ಕೊಂಡಿರಬಹುದು ಎಂದು ಸಂಕಟವಾಗುತ್ತದೆ.

ಕೈಪಿಡಿಯಲ್ಲಿ ನಿಜಕ್ಕೂ ಇರಬೇಕಾಗಿದ್ದ ವಿಷಯವೆಂದರೆ ಗೋಡೆ, ದೂರ ಮತ್ತು ಸಮಯ. ಬಾಂಬಿನ ವಿಕಿರಣ ಧೂಳಿನ ತೀವ್ರತೆ ಬಹು ಬೇಗ ಕುಗ್ಗುತ್ತದೆ. ಸ್ಫೋಟದಿಂದ ಕಳೆದ ಸಮಯ ಏಳು ಪಟ್ಟಾದಾಗ ತೀವ್ರತೆ ಹತ್ತರಲ್ಲಿ ಒಂದಕ್ಕೆ ಇಳಿಯುತ್ತದೆ ಎಂಬುದು ರಕ್ಷಣಾ ಕಾರ್ಯಕರ್ತರು ನೆನಪಿಟ್ಟುಕೊಳ್ಳುವ ಸ್ಥೂಲ ಸೂತ್ರ. ಮೊದಲ ಗಂಟೆಯಲ್ಲಿ 1,000 ಇದ್ದದ್ದು ಏಳು ಗಂಟೆಯ ಹೊತ್ತಿಗೆ 100, ಎರಡು ದಿನಕ್ಕೆ 10, ಎರಡು ವಾರಕ್ಕೆ 1 ಆಗುತ್ತದೆ. ಆದುದರಿಂದ ಮೊದಲ 24 ಗಂಟೆ ಒಳಗಿರುವುದೇ ಜೀವ ಉಳಿಸುವ ಕೆಲಸ. ಮರದ ಒಂದಂತಸ್ತಿನ ಮನೆ ಹೊರಗಿನ ವಿಕಿರಣವನ್ನು ಅರ್ಧಕ್ಕೋ ಮೂರನೇ ಒಂದಕ್ಕೋ ಇಳಿಸಿದರೆ, ನೆಲಮಾಳಿಗೆ ಹತ್ತನೇ ಒಂದಕ್ಕೆ ಇಳಿಸುತ್ತದೆ. ಬಹುಮಹಡಿ ಕಾಂಕ್ರೀಟ್ ಕಟ್ಟಡದ ನಡುಭಾಗದಲ್ಲಿ ಅದು ನೂರನೇ ಒಂದಕ್ಕಿಂತಲೂ ಕೆಳಗಿಳಿಯಬಹುದು. ಹೊರಗಿನಿಂದ ಬಂದವರು ಮೇಲುಡುಪನ್ನು ಬಾಗಿಲ ಬಳಿಯೇ ಕಳಚಿಟ್ಟರೆ ಧೂಳಿನ ಬಹುಪಾಲು ಅಲ್ಲೇ ಉಳಿಯುತ್ತದೆ. ಇದಾವುದಕ್ಕೂ ಮಾಪಕ ಬೇಕಿಲ್ಲ. ಯಾವಾಗ ಹೊರಬರಬಹುದೆಂದು ತಿಳಿಯಲು ಬ್ಯಾಟರಿ ರೇಡಿಯೋ ಇದಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ.

ಹೀಗೆಂದ ಮಾತ್ರಕ್ಕೆ ಜನರ ಆತಂಕವನ್ನು ಹಗುರವಾಗಿ ಕಾಣುವವರ ಪರ ನಾನಿಲ್ಲ. ಜಗತ್ತಿನಲ್ಲಿ ಇಂದಿಗೂ ಸುಮಾರು 12,000 ಅಣು ಸಿಡಿತಲೆಗಳಿವೆ. 1983ರ ಸೆಪ್ಟೆಂಬರ್ 26ರಂದು ಸೋವಿಯತ್ ಎಚ್ಚರಿಕೆ ವ್ಯವಸ್ಥೆ ಅಮೆರಿಕದ ಕ್ಷಿಪಣಿಗಳು ಹೊರಟಿವೆ ಎಂದು ತಪ್ಪಾಗಿ ಸಾರಿದಾಗ ಅದನ್ನು ನಂಬದೆ ತಡೆದವರು ಸ್ತಾನಿಸ್ಲಾವ್ ಪೆತ್ರೋವ್ ಎಂಬ ಒಬ್ಬ ಅಧಿಕಾರಿ. 2018ರ ಜನವರಿ 13ರಂದು ಹವಾಯಿಯ ಜನರ ಫೋನುಗಳಿಗೆ ಕ್ಷಿಪಣಿ ಬರುತ್ತಿದೆ ಎಂಬ ಸುಳ್ಳು ಸಂದೇಶ ಹೋಗಿ, ಅದು ತಪ್ಪೆಂಬ ಮರುಸಂದೇಶ ಬರುವ ತನಕ 38 ನಿಮಿಷ ಕಳೆದವು. ಇಷ್ಟನ್ನು ತಿಳಿದವರಿಗೆ ಭಯವಾಗದಿದ್ದರೆ ಅದೇ ವಿಚಿತ್ರ. ನನ್ನ ತಕರಾರು ಇರುವುದು ಆ ಭಯವನ್ನು ಒಬ್ಬೊಬ್ಬರೂ ತಮ್ಮ ಪಾಡಿಗೆ ಪೆಟ್ಟಿಗೆ ಕೊಂಡು ತೀರಿಸಿಕೊಳ್ಳಲಿ ಎಂದು ಬಿಟ್ಟಿರುವುದರ ಬಗ್ಗೆ. ಸ್ವಿಟ್ಜರ್ಲೆಂಡ್ 1963ರ ಕಾನೂನಿನ ಬಲದಿಂದ ತನ್ನ ಇಡೀ ಜನಸಂಖ್ಯೆಗೆ ಸಾಲುವಷ್ಟು ಆಶ್ರಯತಾಣಗಳನ್ನು ಕಟ್ಟಿಕೊಂಡಿದೆ. ಅದೂ ಅಣುಯುದ್ಧವನ್ನು ಗೆಲ್ಲಲಾಗದು ಎಂದು ಬಲ್ಲ ದೇಶವೇ. ಆದರೆ ಪ್ರಜೆಗೆ ಆ ದಿನ ಎಲ್ಲಿಗೆ ಹೋಗಬೇಕೆಂದು ಹೇಳುವುದು ತನ್ನ ಹೊಣೆಯೆಂದು ಅದು ಒಪ್ಪಿಕೊಂಡಿದೆ. ದೇಶರಕ್ಷಣೆಯ ಹೆಸರಿನಲ್ಲಿ ಕ್ಷಿಪಣಿಗಳ ಲೆಕ್ಕವನ್ನು ಹೆಮ್ಮೆಯಿಂದ ಕೇಳಿಸುವ ಯಾವ ಸರ್ಕಾರವನ್ನಾದರೂ ಪ್ರಜೆಗಳು ಈ ಇನ್ನೊಂದು ಲೆಕ್ಕವನ್ನೂ ಕೇಳಬೇಕು: ಗಂಟೆ ಮೊಳಗಿದಾಗ ನಮ್ಮ ಬೀದಿಯ ಜನ ಯಾವ ಕಟ್ಟಡಕ್ಕೆ ಹೋಗಬೇಕು, ಅಲ್ಲಿ ಎಷ್ಟು ದಿನಕ್ಕಾಗುವಷ್ಟು ನೀರಿದೆ?

ಯಾರು ಇದನ್ನು ಕೊಳ್ಳಬಹುದು ಎಂದು ಕೇಳಿದರೆ, ವಿಕಿರಣವನ್ನು ಕಲಿಯಬೇಕೆನ್ನುವ ವಿದ್ಯಾರ್ಥಿಗಳು ಮತ್ತು ಶಿಕ್ಷಕರು ಧಾರಾಳವಾಗಿ ಕೊಳ್ಳಬಹುದು. 2011ರಲ್ಲಿ ಜಪಾನಿನ ಫುಕುಶಿಮಾ ಅಣುಸ್ಥಾವರದ ದುರಂತದ ನಂತರ ಸೇಫ್‌ಕಾಸ್ಟ್ ಎಂಬ ಸ್ವಯಂಸೇವಕರ ಬಳಗ ಗೈಗರ್ ಮಾಪಕಗಳನ್ನು ಹಿಡಿದು ಬೀದಿ ಬೀದಿಯ ಅಳತೆಯನ್ನು ಜನರ ಮುಂದಿಟ್ಟಿತು. ಅಂಥ ಕೆಲಸಕ್ಕೆ, ಅಪಾಯದ ವಲಯದಿಂದ ದೂರದ ಅಂಚುಗಳಲ್ಲಿ ಧೂಳು ಬಿದ್ದಿದೆಯೋ ಇಲ್ಲವೋ ಎಂದು ನೋಡುವುದಕ್ಕೆ, ಈ ನಮೂನೆ ಸಾಕಾಗುತ್ತದೆ. ನನ್ನಂತೆ ನಿದ್ದೆಗೆಟ್ಟ ರಾತ್ರಿಯಲ್ಲಿ ಕೊಳ್ಳಲು ಹೊರಟವರಿಗೆ ಮಾತ್ರ, ಮೊದಲು ನಿಮ್ಮ ಕಟ್ಟಡದ ನಡುವಿನ, ಕಿಟಕಿಯಿಲ್ಲದ ಕೋಣೆ ಯಾವುದೆಂದು ನೋಡಿಟ್ಟುಕೊಳ್ಳಿ, ಅಲ್ಲಿ ನೀರು ತುಂಬಿಡಿ, ಆಮೇಲೆ ಮಾಪಕದ ಯೋಚನೆ ಮಾಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಐದರಲ್ಲಿ ಮೂರು ಅಂಕ ಕೊಡುತ್ತಿದ್ದೇನೆ. ಕಳೆದ ಎರಡೂ ಅಂಕ ಜಾಹೀರಾತು ಮತ್ತು ಕೈಪಿಡಿಗೆ ಸೇರಿದವು, ಕೊಳವೆಗಲ್ಲ.

ಗರಿಷ್ಠ ಮಿತಿಯನ್ನು ಪೆಟ್ಟಿಗೆಯ ಮುಂಭಾಗದಲ್ಲೇ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಬೇಕೆಂದೂ, ಎಚ್ಚರಿಕೆಯ ಗಂಟೆಯ ಮಟ್ಟವನ್ನು ಏರಿಸಬೇಕೆಂದೂ ತಯಾರಕರಿಗೆ ಎರಡು ಬಾರಿ ಪತ್ರ ಬರೆದೆ. ಉತ್ತರ ಬಂದಿಲ್ಲ. ನಮ್ಮ ಮನೆಯ ಮಾಪಕದ ಗಂಟೆಯನ್ನು ನಾನೇ 5 ಮೈಕ್ರೋಸೀವರ್ಟ್‌ಗೆ ಏರಿಸಿ, ಬ್ಯಾಟರಿ ತೆಗೆದು, ಟಾರ್ಚು ಮತ್ತು ರೇಡಿಯೋ ಇರುವ ಚೀಲದಲ್ಲಿ ಇಟ್ಟಿದ್ದೇನೆ. ಅದರ ಬೆನ್ನಿಗೆ ಒಂದು ಕಾಗದ ಅಂಟಿಸಿದ್ದೇನೆ. ಮನೆಯಲ್ಲಿ ನಾನಿಲ್ಲದಾಗ ಯಾರ ಕೈಗೆ ಸಿಕ್ಕರೂ ತಿಳಿಯಲೆಂದು ಅದರ ಮೇಲೆ ಹೀಗೆ ಬರೆದಿದೆ: ಇದು ಸೊನ್ನೆ ತೋರಿಸಿದರೆ ನಂಬಬೇಡಿ, ಒಳಗೇ ಇರಿ.