ಬ್ಯಾಕ್‌ಗ್ರೌಂಡ್ ಆ್ಯಪ್‌ಗೆ ಎಷ್ಟು ಸಲುಗೆ? ಐಫೋನ್, ಪಿಕ್ಸೆಲ್ ಮತ್ತು ಸ್ಕಿನ್ ಹೊದ್ದ ಆ್ಯಂಡ್ರಾಯ್ಡ್

ಕೆವೈಸಿ ಫಾರ್ಮನ್ನು ಅರ್ಧ ತುಂಬಿ, ಪ್ಯಾನ್ ಕಾರ್ಡಿನ ಫೋಟೋ ತೆಗೆಯಲು ಕ್ಯಾಮೆರಾಕ್ಕೆ ಹೋಗಿ ವಾಪಸ್ ಬನ್ನಿ. ತುಂಬಿದ್ದು ಹಾಗೇ ಇದೆಯೋ, ಮೊದಲ ಪುಟ ಮತ್ತೆ ಲೋಡ್ ಆಗುತ್ತಿದೆಯೋ? ಮಲ್ಟಿಟಾಸ್ಕಿಂಗ್ ಅಳೆಯಲು ಬೆಂಚ್‌ಮಾರ್ಕ್ ಅಂಕಗಳಿಗಿಂತ ಇಂಥ ಕೆಲಸಗಳೇ ಸರಿ. ಐಫೋನ್, ಗೂಗಲ್‌ನ ಪಿಕ್ಸೆಲ್, ಕಂಪನಿಯ ಸ್ವಂತ ಸ್ಕಿನ್ (ಆ್ಯಂಡ್ರಾಯ್ಡ್ ಮೇಲೆ ಫೋನ್ ಕಂಪನಿ ಹೊದಿಸುವ ತನ್ನದೇ ಸಾಫ್ಟ್‌ವೇರ್ ಪದರ) ಇರುವ ಆ್ಯಂಡ್ರಾಯ್ಡ್ ಮೂರರಲ್ಲೂ ಒಂದೇ ಕೆಲಸಗಳನ್ನು ಮಾಡಿ ನೋಡಿದಾಗ ಗೆಲುವು ಪ್ರತಿ ಸಲ ಒಬ್ಬರದೇ ಆಗಲಿಲ್ಲ.

ಫಾರ್ಮಿನ ವಿಷಯದಲ್ಲಿ ಮೂರರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಕ್ಯಾಮೆರಾ ದೊಡ್ಡ ಪಾಲು ಮೆಮೊರಿ ಕೇಳುತ್ತದೆ. RAM ಸಾಲದೆ ಹೋದರೆ ಮೆಮೊರಿ ತೆರವು ಮಾಡಿಸುವ ವ್ಯವಸ್ಥೆ, ಅದು ಐಫೋನ್‌ನ ಐಒಎಸ್‌ನಲ್ಲಿರುವ ಜೆಟ್‌ಸ್ಯಾಮ್ ಆಗಲಿ, ಆ್ಯಂಡ್ರಾಯ್ಡ್‌ನ ಎಲ್‌ಎಂಕೆಡಿ ಆಗಲಿ, ಹಿಂದೆ ಕೂತ ಆ್ಯಪನ್ನು ಮುಗಿಸಲೇಬೇಕು. ತುಂಬಿದ್ದನ್ನು ಅಷ್ಟರೊಳಗೆ ಉಳಿಸಿಟ್ಟುಕೊಳ್ಳುವುದು ಆ್ಯಪ್ ಬರೆದವರ ಹೊಣೆ. ಆ್ಯಂಡ್ರಾಯ್ಡ್‌ನಲ್ಲಿ ಇದನ್ನು ಹಿಡಿಯುವುದು ಸುಲಭ: ಅಬೌಟ್ ಫೋನ್‌ನಲ್ಲಿ ಬಿಲ್ಡ್ ನಂಬರನ್ನು 7 ಸಲ ಒತ್ತಿ ಡೆವಲಪರ್ ಆಪ್ಷನ್ಸ್ ತೆರೆದು, 'ಡೋಂಟ್ ಕೀಪ್ ಆ್ಯಕ್ಟಿವಿಟೀಸ್' ಆನ್ ಮಾಡಿ. ಬಿಟ್ಟು ಹೋದ ಸ್ಕ್ರೀನನ್ನು ಸಿಸ್ಟಮ್ ಆಗಿಂದಾಗಲೇ ಕೆಡವುತ್ತದೆ. ಆಗಲೂ ಫಾರ್ಮ್ ಉಳಿದರೆ ಆ್ಯಪ್ ಗಟ್ಟಿ. ನೋಡಿದ ಮೇಲೆ ಆಫ್ ಮಾಡಲು ಮರೆಯಬೇಡಿ, ಇಲ್ಲದಿದ್ದರೆ ಇಡೀ ಫೋನೇ ತಲೆಕೆಟ್ಟಂತೆ ಆಡುತ್ತದೆ.

ನಿಜವಾದ ಅಂತರ ಕಾಣುವುದು ದೀರ್ಘ ಕೆಲಸದಲ್ಲಿ. ದೊಡ್ಡದೊಂದು ವಿಡಿಯೋ ಅಪ್‌ಲೋಡ್‌ಗೆ ಹಾಕಿ, ಹೋಮ್‌ಗೆ ಹೋಗಿ, ಸ್ಕ್ರೀನ್ ಲಾಕ್ ಮಾಡಿ, ಐದು ನಿಮಿಷ ಬಿಟ್ಟು ನೋಡಿ. ಐಫೋನ್‌ನಲ್ಲಿ ಎಷ್ಟೋ ಆ್ಯಪ್‌ಗಳ ಅಪ್‌ಲೋಡ್ ನಿಂತಲ್ಲೇ ನಿಂತಿರುತ್ತದೆ. 2010ರ ಐಒಎಸ್ 4ರಿಂದಲೂ ಆ್ಯಪಲ್‌ನ ಧೋರಣೆ ಒಂದೇ: ಹಾಡು, ಇಂಟರ್ನೆಟ್ ಕರೆ, ಲೊಕೇಶನ್‌ನಂಥ ಗೊತ್ತಾದ ಕೆಲಸಗಳಿಗೆ ಮಾತ್ರ ಅನುಮತಿ. ಉಳಿದವಕ್ಕೆ ಇವತ್ತು ಸಾಮಾನ್ಯವಾಗಿ ಕೈಗೆ ಸಿಗುವುದು ಸುಮಾರು 30 ಸೆಕೆಂಡು, ಆಮೇಲೆ ಆ್ಯಪ್ ಇದ್ದಲ್ಲೇ ಹೆಪ್ಪುಗಟ್ಟುತ್ತದೆ. ದಾರಿ ಇಲ್ಲವೆಂದಲ್ಲ: ಫೈಲನ್ನು ಬ್ಯಾಕ್‌ಗ್ರೌಂಡ್ ಯುಆರ್‌ಎಲ್‌ಸೆಷನ್ ಎಂಬ ಐಒಎಸ್ ಸೌಲಭ್ಯದ ಮೂಲಕ ಸಿಸ್ಟಮ್‌ಗೆ ಒಪ್ಪಿಸಿದರೆ, ಆ್ಯಪ್ ನಿದ್ದೆ ಹೋದರೂ ಕಳಿಸುವ ಕೆಲಸ ಸಾಗುತ್ತದೆ. ಆ ಶ್ರಮ ಪಡದ ಆ್ಯಪ್‌ಗಳು 'ಸ್ಕ್ರೀನ್ ಆಫ್ ಮಾಡಬೇಡಿ' ಎಂದು ನಮಗೇ ಬುದ್ಧಿ ಹೇಳುತ್ತವೆ.

ಪಿಕ್ಸೆಲ್‌ನಲ್ಲಿ ಇದೇ ಕೆಲಸ ಫೋರ್‌ಗ್ರೌಂಡ್ ಸರ್ವಿಸ್ ಆಗಿ, ಅಂದರೆ ಆ್ಯಪ್ ಬಿಟ್ಟ ಮೇಲೂ ನೋಟಿಫಿಕೇಶನ್ ತೋರಿಸುತ್ತ ನಡೆಯುತ್ತದೆ. ಮೊದಲು ಇದರಲ್ಲಿ ದುರುಪಯೋಗ ಜಾಸ್ತಿ ಇತ್ತು. ಒಂದೊಂದಾಗಿ ಲಗಾಮು ಬಿತ್ತು. ಆ್ಯಂಡ್ರಾಯ್ಡ್ 13ರಲ್ಲಿ ನೋಟಿಫಿಕೇಶನ್ ಪರದೆಯಲ್ಲೇ ಓಡುತ್ತಿರುವ ಆ್ಯಪ್‌ಗಳ ಪಟ್ಟಿ, ಪಕ್ಕದಲ್ಲಿ 'ಸ್ಟಾಪ್' ಬಟನ್ ಬಂತು. 14ಕ್ಕೆ ಬರೆದ ಆ್ಯಪ್ ತಾನು ಮಾಡುವ ಕೆಲಸ ಯಾವ ಬಗೆಯದೆಂದು ಘೋಷಿಸಬೇಕು. 15ಕ್ಕೆ ಬರೆದದ್ದಾದರೆ ಡೇಟಾ ಸಿಂಕ್ (ಅಪ್‌ಲೋಡ್, ಡೌನ್‌ಲೋಡ್‌ನಂಥ ಕೆಲಸ) ಬಗೆಯ ಸರ್ವಿಸ್ ಬ್ಯಾಕ್‌ಗ್ರೌಂಡ್‌ನಲ್ಲಿ 24 ಗಂಟೆಗೆ ಒಟ್ಟು 6 ಗಂಟೆ ಮಾತ್ರ ಓಡಬಹುದು. ಕೆಲಸ ಮಾಡುವವನು ಮುಖ ತೋರಿಸಿ ಮಾಡಲಿ, ನಿಲ್ಲಿಸುವ ಹಕ್ಕು ಫೋನಿನ ಯಜಮಾನನಿಗಿರಲಿ: ನಮ್ಮ ಲೆಕ್ಕದಲ್ಲಿ ಇದೇ ಸರಿಯಾದ ಪದ್ಧತಿ. 2025ರ ಐಒಎಸ್ 26 ಕೂಡ ಇದೇ ಹಾದಿಗೆ ಬಂದಿದೆ. ಬಳಕೆದಾರರೇ ಶುರು ಮಾಡಿದ ಕೆಲಸ, ಪ್ರಗತಿ ತೋರಿಸುತ್ತ, ಆ್ಯಪ್ ಬಿಟ್ಟ ಮೇಲೂ ಮುಂದುವರಿಯಲು ಅಲ್ಲಿ ಈಗ ಅವಕಾಶವಿದೆ.

ಈಚೆಗೆ ತೆರೆದ ಆ್ಯಪ್‌ಗಳ ಪಟ್ಟಿಯಾದ ರೀಸೆಂಟ್ಸ್‌ನಿಂದ ಆ್ಯಪನ್ನು ಮೇಲಕ್ಕೆ ತಳ್ಳಿ ತೆಗೆಯುವ ಚಾಳಿ ನಮ್ಮಲ್ಲಿ ಬಹಳ. ಆ ಒಂದು ಸ್ವೈಪ್‌ಗೆ ಮೂರು ಕಡೆ ಮೂರು ಅರ್ಥ. ಐಫೋನ್‌ನಲ್ಲಿ ಹಾಗೆ ತೆಗೆದರೆ, ಮತ್ತೆ ತೆರೆಯುವವರೆಗೆ ಬ್ಯಾಕ್‌ಗ್ರೌಂಡ್ ರಿಫ್ರೆಶ್ (ಆ್ಯಪ್ ತೆರೆಯದೆಯೇ ಹೊಸ ಮಾಹಿತಿ ತರಿಸಿಕೊಳ್ಳುವುದು) ಇಲ್ಲ, ಸಿಸ್ಟಮ್‌ಗೆ ಒಪ್ಪಿಸಿದ್ದ ಅಪ್‌ಲೋಡ್ ಕೂಡ ರದ್ದು. ಕಣ್ಣಿಗೆ ಕಾಣುವ ನೋಟಿಫಿಕೇಶನ್ ಮಾತ್ರ ಬರುತ್ತದೆ. ಪಿಕ್ಸೆಲ್‌ನಲ್ಲಿ ಪಟ್ಟಿಯಿಂದ ಹೆಸರು ಹೋಗುತ್ತದೆ, ಹಿಂದೆ ಸುಮ್ಮನೆ ಕೂತ ಆ್ಯಪ್ ಮುಚ್ಚಲೂಬಹುದು. ನಿಗದಿತ ಕೆಲಸ, ಪುಶ್ (ಸರ್ವರ್ ತಾನಾಗಿ ಕಳಿಸುವ) ಸಂದೇಶಗಳಿಗೆ ಸಾಮಾನ್ಯವಾಗಿ ತೊಂದರೆಯಿಲ್ಲ. ಎಲ್ಲವನ್ನೂ ಕಡಿಯುವುದು ಸೆಟ್ಟಿಂಗ್ಸ್‌ನಲ್ಲಿರುವ 'ಫೋರ್ಸ್ ಸ್ಟಾಪ್' ಮಾತ್ರ. ಕೆಲವು ಸ್ಕಿನ್‌ಗಳಲ್ಲಿ ಬರೀ ಸ್ವೈಪ್ ಮಾಡಿದರೂ ಫೋರ್ಸ್ ಸ್ಟಾಪ್ ಆದ ಹಾಗೇ. ಅಲಾರಂ ಹೊಡೆಯಲಿಲ್ಲ, ಮೆಸೇಜು ಆ್ಯಪ್ ತೆರೆದ ಮೇಲೆ ಒಟ್ಟಿಗೇ ಬಂದು ಬಿತ್ತು ಎನ್ನುವ ದೂರುಗಳಲ್ಲಿ ಎಷ್ಟೋ ಇದರ ಫಲ. ಬ್ಯಾಟರಿಯಾದರೂ ಉಳಿಯುತ್ತದೆಯೇ ಅಂದರೆ ಅದೂ ಇಲ್ಲ: ಹೆಪ್ಪುಗಟ್ಟಿ ಕೂತ ಆ್ಯಪ್ ಸಿಪಿಯು ಮುಟ್ಟುವುದಿಲ್ಲ, ಸೊನ್ನೆಯಿಂದ ತೆರೆಯುವಾಗಲೇ ಖರ್ಚು ಹೆಚ್ಚು.

ಹಾಗಾಗಿ ಸ್ಕಿನ್ ಫೋನಿಗೆ ನಮ್ಮ ಅಂಕ ತೀರಾ ಕಡಿಮೆ. ಕಟ್ಟುನಿಟ್ಟು ಐಫೋನ್‌ನಲ್ಲೂ ಇದೆ, ಆದರೆ ಅದರ ನಿಯಮ ಬರಹದಲ್ಲಿದೆ, ಆ್ಯಪ್ ಬರೆಯುವವರಿಗೆ ಮೊದಲೇ ಗೊತ್ತು. ಆ್ಯಂಡ್ರಾಯ್ಡ್ 9ರಿಂದ ಬಂದ ಸ್ಟ್ಯಾಂಡ್‌ಬೈ ಬಕೆಟ್‌ಗಳೂ ಹಾಗೇ: ಆ್ಯಪನ್ನು ಎಷ್ಟು ಬಳಸುತ್ತೀರೋ ಅದಕ್ಕೆ ತಕ್ಕ ಸಲುಗೆ. ಯಾವ ಆ್ಯಪ್ ಯಾವ ಬಕೆಟ್‌ನಲ್ಲಿದೆ ಎನ್ನುವುದು ಡೆವಲಪರ್ ಆಪ್ಷನ್ಸ್‌ನ 'ಸ್ಟ್ಯಾಂಡ್‌ಬೈ ಆ್ಯಪ್ಸ್'ನಲ್ಲಿ ಕಾಣುತ್ತದೆ. ಸ್ಕಿನ್ ಇದರ ಮೇಲೆ ತನ್ನದೇ ಇನ್ನೊಂದು ಜರಡಿ ಹಿಡಿಯುತ್ತದೆ.

ಅಂಥ ಫೋನೇ ಕೈಯಲ್ಲಿದ್ದರೆ, ತಪ್ಪಬಾರದ ನಾಲ್ಕೈದು ಆ್ಯಪ್‌ಗಳಿಗೆ ಮಾತ್ರ ಬಾಗಿಲು ತೆರೆಯಿರಿ. ಆ್ಯಪ್ ಇನ್ಫೋದಲ್ಲಿ ಬ್ಯಾಟರಿಯನ್ನು 'ಅನ್‌ರಿಸ್ಟ್ರಿಕ್ಟೆಡ್' ಮಾಡಿ. ಸ್ಯಾಮ್‌ಸಂಗ್ ಆದರೆ ಬ್ಯಾಕ್‌ಗ್ರೌಂಡ್ ಯೂಸೇಜ್ ಲಿಮಿಟ್ಸ್‌ನಲ್ಲಿ 'ನೆವರ್' ಎಂದು ಶುರುವಾಗುವ ಸ್ಲೀಪಿಂಗ್ ಪಟ್ಟಿಗೆ ಸೇರಿಸಿ. ಶವೋಮಿ ಆದರೆ 'ಆಟೋಸ್ಟಾರ್ಟ್' ಆನ್ ಮಾಡಿ. ಕ್ಯಾಬ್, ಡೆಲಿವರಿ ಕೆಲಸದವರು ಲೊಕೇಶನ್ ಆ್ಯಪ್‌ಗೆ ಇದನ್ನು ಮಾಡಿದ ಮೇಲೆ ಸ್ಕ್ರೀನ್ ಆಫ್ ಮಾಡಿ ಅರ್ಧ ಗಂಟೆ ಓಡಾಡಿ ನೋಡುವುದು ಒಳ್ಳೆಯದು. ಮ್ಯಾಪ್‌ನಲ್ಲಿ ದಾರಿಯ ಗೆರೆ ತಿರುವುಗಳನ್ನು ಬಿಟ್ಟು ನೇರವಾಗಿ ಹಾರಿದ್ದರೆ, ಆ ಜಾಗದಲ್ಲಿ ಆ್ಯಪ್ ಸತ್ತಿತ್ತು, ಇಲ್ಲವೇ ಜಿಪಿಎಸ್ ಸಿಗ್ನಲ್ ತಪ್ಪಿತ್ತು ಎಂದರ್ಥ. ಅದೇ ದಾರಿಯನ್ನು ಸ್ಕ್ರೀನ್ ಆನ್ ಇಟ್ಟು ಹೋದರೆ ಎರಡರಲ್ಲಿ ಯಾವುದೆಂದು ತಿಳಿಯುತ್ತದೆ.