ನೀರು ನಿಲ್ಲುವ ಜಾಗಕ್ಕೆ ಎರಡು ಓಕ್: ಒಂಬತ್ತು ವರ್ಷ ಬೆಳೆಸಿ ನೋಡಿದ ಮೇಲೆ

ನಮ್ಮ ಹಿತ್ತಲಿನ ಕೊನೆಯಲ್ಲಿ ಒಂದು ತಗ್ಗು ಇದೆ. ಹಿಮ ಕರಗುವ ಹೊತ್ತಿಗೆ ಅಲ್ಲಿ ಎರಡು ಮೂರು ವಾರ ನೀರು ನಿಲ್ಲುತ್ತದೆ. ಬೇಸಿಗೆಯಲ್ಲಿ ಅದೇ ಮಣ್ಣು ಒಣಗಿ ಬಿರುಕು ಬಿಡುತ್ತದೆ. ಮೊದಲು ಹಾಕಿದ್ದ ಚೆರ್ರಿ ಗಿಡ ಬೇರು ಕೊಳೆತು ಒಂದೇ ವರ್ಷಕ್ಕೆ ಹೋಯಿತು. ಆಮೇಲೆ ಒಂದೇ ವಸಂತದಲ್ಲಿ ಎರಡು ಓಕ್ ಸಸಿ ನೆಟ್ಟೆ, ನಡುವೆ 40 ಅಡಿ ಬಿಟ್ಟು. ಒಂದು ಪಿನ್ ಓಕ್, ಇನ್ನೊಂದು ಸ್ವಾಂಪ್ ವೈಟ್ ಓಕ್. ಎರಡೂ ಉತ್ತರ ಅಮೆರಿಕದ ಪೂರ್ವ ಭಾಗದಲ್ಲಿ ಹೊಳೆಬದಿಯ ತಗ್ಗುಗಳಲ್ಲಿ ತಾವಾಗಿಯೇ ಬೆಳೆಯುವ ಮರಗಳು.

ಪಿನ್ ಓಕ್‌ಗೆ ಸಸ್ಯಶಾಸ್ತ್ರದಲ್ಲಿ ಕ್ವರ್ಕಸ್ ಪಾಲಸ್ಟ್ರಿಸ್ ಎಂದು ಹೆಸರು. ಪಾಲಸ್ಟ್ರಿಸ್ ಎಂದರೆ ಜೌಗು ನೆಲದ್ದು. ಸ್ವಾಂಪ್ ವೈಟ್ ಓಕ್ ಎಂದರೆ ಕ್ವರ್ಕಸ್ ಬೈಕಲರ್, ಎರಡು ಬಣ್ಣದ್ದು. ಎಲೆಯ ಮೇಲೆ ಕಡುಹಸಿರು, ಕೆಳಗೆ ಬೆಳ್ಳಗೆ, ಮುಟ್ಟಿದರೆ ಮಖಮಲ್ಲು. ಗಾಳಿ ಬೀಸಿದಾಗ ಮರ ಅಲ್ಲಲ್ಲಿ ಬೆಳ್ಳಿಯ ಹಾಗೆ ಮಿನುಗುತ್ತದೆ. ನನಗೆ ಈ ಮರದ ಮೇಲೆ ಪ್ರೀತಿ ಹುಟ್ಟಿದ್ದು ಅಲ್ಲಿಂದಲೇ.

ಮೊದಲ ಮೂರು ವರ್ಷ ಮಾತ್ರ ಪಿನ್ ಓಕ್‌ದೇ ಮೇಲುಗೈ. ವರ್ಷಕ್ಕೆ ಎರಡು ಅಡಿ ಏರಿತು. ನೆಟ್ಟಗಿನ ಒಂದೇ ಕಾಂಡ, ಗೋಪುರದ ಆಕಾರ, ಶರತ್ಕಾಲದಲ್ಲಿ ಕೆಂಪು ಎಲೆ. ಪಕ್ಕದ ಸ್ವಾಂಪ್ ವೈಟ್ ಓಕ್ ಮೊದಲ ವರ್ಷ ಅಲುಗಾಡಲೇ ಇಲ್ಲ. ಎರಡನೇ ವರ್ಷ ಗೇಣುದ್ದ ಬೆಳೆಯಿತು, ಅಷ್ಟೇ. ತಪ್ಪು ಮರ ತಂದೆನಾ ಅಂತ ಬೇಜಾರಾಗಿತ್ತು. ನಿಂತ ನೀರಂತೂ ಎರಡಕ್ಕೂ ಏನೂ ಮಾಡಲಿಲ್ಲ. ಎಲೆ ಬಿಡುವ ಮೊದಲು, ಮರ ಇನ್ನೂ ನಿದ್ದೆಯಲ್ಲಿರುವಾಗ ನಿಲ್ಲುವ ನೀರನ್ನು ಎರಡೂ ತಡೆಯುತ್ತವೆ. ವರ್ಷವಿಡೀ ನೀರು ನಿಲ್ಲುವ ಕಡೆ ನೆಟ್ಟರೆ ಕಷ್ಟ.

ನಾಲ್ಕನೇ ಬೇಸಿಗೆಯಲ್ಲಿ ಪಿನ್ ಓಕ್ ಎಲೆ ಹಳದಿಯಾಯಿತು. ನರಗಳು ಮಾತ್ರ ಹಸಿರು, ನಡುವಿನ ಭಾಗವೆಲ್ಲ ಹಳದಿ. ನೀರು ಜಾಸ್ತಿಯಾಗಿದೆ ಅಂದುಕೊಂಡು ಪಕ್ಕದಲ್ಲಿ ಕಾಲುವೆ ತೋಡಿದೆ. ಏನೂ ಪ್ರಯೋಜನವಾಗಲಿಲ್ಲ. ಕೊನೆಗೆ ಎರಡೂ ಬುಡದ ಮಣ್ಣನ್ನು ಪರೀಕ್ಷೆಗೆ ಕಳಿಸಿದೆ. ಪಿಎಚ್, ಅಂದರೆ ಮಣ್ಣು ಎಷ್ಟು ಹುಳಿ, ಎಷ್ಟು ಕ್ಷಾರ ಎಂಬ ಅಳತೆ, ಒಂದು ಕಡೆ 7.5, ಇನ್ನೊಂದು ಕಡೆ 7.4. 7 ದಾಟಿದರೆ ಕ್ಷಾರ. ಮನೆ ಕಟ್ಟಿದಾಗ ಉಳಿದ ಸಿಮೆಂಟ್ ಚೂರುಗಳನ್ನು ಆ ತಗ್ಗಿಗೆ ಸುರಿದಿದ್ದರು. ಅಗೆದಾಗ ಸಿಕ್ಕವು. ಅವುಗಳ ಸುಣ್ಣ ಮಣ್ಣಿಗೆ ಇಳಿದಿತ್ತು. ಇಂಥ ಮಣ್ಣಿನಲ್ಲಿ ಕಬ್ಬಿಣದ ಅಂಶ ಇದ್ದರೂ ಅದು ಕರಗುವುದಿಲ್ಲ, ಬೇರಿಗೆ ದಕ್ಕುವುದಿಲ್ಲ. ಪಿನ್ ಓಕ್‌ಗೆ ಹುಳಿ ಮಣ್ಣೇ ಬೇಕು. ನಾನು ನೀರು ನೋಡಿ ಮರ ಆರಿಸಿದ್ದೆ, ಮಣ್ಣು ನೋಡಿರಲೇ ಇಲ್ಲ.

ಮಣ್ಣು ಹುಳಿಯಾಗಲಿ ಅಂತ ಗಂಧಕ ಹಾಕಿದೆ. ಚೀಲೇಟ್ ಮಾಡಿದ, ಅಂದರೆ ಇಂಥ ಮಣ್ಣಿನಲ್ಲೂ ಕರಗಿಯೇ ಇರುವ ಹಾಗೆ ಮಾಡಿದ ಕಬ್ಬಿಣವನ್ನು ಬುಡಕ್ಕೆ ಕೊಟ್ಟೆ, ಎಲೆಗೂ ಸಿಂಪಡಿಸಿದೆ. ಸಿಂಪಡಿಸಿದ ಎಲೆ ಹಸಿರಾಗುತ್ತದೆ, ಆಮೇಲೆ ಬರುವ ಚಿಗುರು ಮತ್ತೆ ಹಳದಿ. ಪ್ರತಿ ವರ್ಷ ಇದೇ ಕೆಲಸ. ಸ್ವಾಂಪ್ ವೈಟ್ ಓಕ್‌ಗೂ ಹುಳಿ ಮಣ್ಣೇ ಇಷ್ಟ, ಸುಣ್ಣ ತೀರಾ ಜಾಸ್ತಿಯಿದ್ದರೆ ಅದೂ ಹಳದಿಯಾಗುತ್ತದೆ. ಆದರೆ ಇದೇ ಮಣ್ಣಿನಲ್ಲಿ ನನ್ನದು ಸ್ವಲ್ಪ ಮಂಕಾಗಿದ್ದು ಬಿಟ್ಟರೆ ಆರಾಮಾಗಿದೆ. ಐದನೇ ವರ್ಷದಿಂದ ಓಟಕ್ಕೇ ಬಿದ್ದಿತು. ಈಗ ಎರಡರ ಎತ್ತರ ಹೆಚ್ಚು ಕಡಿಮೆ ಒಂದೇ, ಕಾಂಡ ಮಾತ್ರ ಇದರದ್ದೇ ದಪ್ಪ.

ಒಣ ಬೇಸಿಗೆಯೊಂದು ಬಂದಾಗ ಇನ್ನೊಂದು ವ್ಯತ್ಯಾಸ ಕಂಡಿತು. ಪಿನ್ ಓಕ್ ಎಲೆಯಂಚು ಸುಟ್ಟ ಹಾಗೆ ಕಂದಾಯಿತು. ಸ್ವಾಂಪ್ ವೈಟ್ ಓಕ್‌ಗೆ ಆಗಲೇ ಬೇರು ಹರಡಿತ್ತು, ನೀರು ಕೊಡದೆಯೂ ತಡೆಯಿತು. ನ್ಯೂಯಾರ್ಕ್‌ನಲ್ಲಿ 2011ರಲ್ಲಿ ತೆರೆದ ಸೆಪ್ಟೆಂಬರ್ 11ರ ಸ್ಮಾರಕದ ಅಂಗಳದಲ್ಲಿ 400ಕ್ಕೂ ಹೆಚ್ಚು ಸ್ವಾಂಪ್ ವೈಟ್ ಓಕ್‌ಗಳಿವೆ. ಕೆಳಗೆ ಕಟ್ಟಡ, ಮೇಲೆ ಕಲ್ಲುಹಾಸು, ನಡುವೆ ಈ ಮರಗಳು. ಜೌಗಿನ ಮರವೊಂದು ಅಲ್ಲಿ ಹೇಗೆ ಬದುಕುತ್ತದೆ ಅಂತ ಮೊದಲು ಆಶ್ಚರ್ಯವಾಗಿತ್ತು. ನೀರು ತುಂಬಿದ ಮಣ್ಣಿನಲ್ಲೂ, ತುಳಿದು ಗಟ್ಟಿಯಾದ ಮಣ್ಣಿನಲ್ಲೂ ಬೇರಿಗೆ ಗಾಳಿ ಕಡಿಮೆ. ಒಂದನ್ನು ಸಹಿಸುವ ಮರ ಇನ್ನೊಂದನ್ನೂ ಸಹಿಸುತ್ತದೆ, ಅಲ್ವಾ.

ಸವರುವ ಕೆಲಸ ಪಿನ್ ಓಕ್‌ಗೇ ಜಾಸ್ತಿ. ಅದರ ಕೆಳಗಿನ ಕೊಂಬೆಗಳು ನೆಲದ ಕಡೆ ಬಾಗುತ್ತವೆ. ಅವನ್ನು ಕತ್ತರಿಸಿದರೆ ಮೇಲಿನ ಸಾಲು ಬಾಗುತ್ತದೆ. ಕೆಳಗೆ ಓಡಾಡುವ ಜಾಗ ಬೇಕಿದ್ದರೆ ಇದನ್ನು ಮೊದಲೇ ಯೋಚಿಸಿ. ಯಾವ ಓಕ್ ಆದರೂ ಚಳಿಗಾಲದಲ್ಲೇ ಸವರಿ. ವಸಂತ, ಬೇಸಿಗೆಯಲ್ಲಿ ಹಸಿ ಗಾಯದ ವಾಸನೆಗೆ ಬರುವ ಪುಟ್ಟ ಜೀರುಂಡೆಗಳು ಓಕ್ ವಿಲ್ಟ್ ಎಂಬ ಶಿಲೀಂಧ್ರ ರೋಗವನ್ನು ಹೊತ್ತು ತರುತ್ತವೆ. ಪಿನ್ ಓಕ್ ಕೆಂಪು ಓಕ್ ಗುಂಪಿನದ್ದು, ಈ ರೋಗ ಬಂದರೆ ಕೆಲವೇ ವಾರಗಳಲ್ಲಿ ಸಾಯಬಹುದು. ಸ್ವಾಂಪ್ ವೈಟ್ ಓಕ್ ಸೇರಿರುವ ಬಿಳಿ ಓಕ್ ಗುಂಪು ಜಾಸ್ತಿ ತಡೆಯುತ್ತದೆ. ಬಿರುಗಾಳಿಗೆ ಬೇಸಿಗೆಯಲ್ಲಿ ಕೊಂಬೆ ಮುರಿದರೆ ಗಾಯಕ್ಕೆ ತಕ್ಷಣ ಬಣ್ಣ ಬಳಿಯಿರಿ.

ನೆಡುವಾಗ ನಾನು ಮಾಡಿದ ಒಂದು ತಪ್ಪನ್ನೂ ಹೇಳಬೇಕು. ಪಿನ್ ಓಕ್ ಕುಂಡದಲ್ಲಿ ಬೆಳೆದ ಸಸಿ. ಬೇರು ಒಳಗೇ ಸುತ್ತಿಕೊಂಡಿತ್ತು. ಬಿಡಿಸದೆ ಸುಮ್ನೆ ಹಾಗೇ ಇಟ್ಟೆ. ಅದರ ಕಷ್ಟದಲ್ಲಿ ಇದರ ಪಾಲೂ ಇರಬಹುದು. ಸುತ್ತಿದ ಬೇರನ್ನು ಕತ್ತರಿಸಿ ಹರಡಿ. ಗುಂಡಿ ಬೇರಿನ ಗಡ್ಡೆಗಿಂತ ಎರಡು ಮೂರು ಪಟ್ಟು ಅಗಲ ಇರಲಿ, ಆಳ ಮಾತ್ರ ಗಡ್ಡೆಯಷ್ಟೇ. ಕಾಂಡ ಅಗಲವಾಗಿ ಬೇರಾಗುವ ಜಾಗ ಮಣ್ಣಿನ ಮೇಲೆ ಕಾಣಬೇಕು. ಮರದ ಚಕ್ಕೆಯನ್ನು ಬುಡದ ಸುತ್ತ ಹರಡಿ, ಕಾಂಡಕ್ಕೆ ತಾಗಿಸಬೇಡಿ.

ಮಣ್ಣು ಹುಳಿಯಿದ್ದು, ಬೇಗ ನೆರಳು ಬೇಕಿದ್ದರೆ ಪಿನ್ ಓಕ್ ಒಳ್ಳೆಯ ಮರವೇ. ಬಲಿತ ಮೇಲೂ ಅದರ ಹರವು ಕಡಿಮೆ. ಸ್ವಾಂಪ್ ವೈಟ್ ಓಕ್ 50–60 ಅಡಿ ಎತ್ತರ, ಅಷ್ಟೇ ಅಗಲ ಬೆಳೆಯುತ್ತದೆ, ಜಾಗ ಬೇಕು. ನನ್ನ ತಗ್ಗಿಗಂತೂ ಅದೇ ಸರಿ. ಹೋದ ಶರತ್ಕಾಲದಲ್ಲಿ ಹಳ್ಳದ ಬದಿಯ ದೊಡ್ಡ ಮರವೊಂದರ ಕೆಳಗೆ ಅದರ ಕಾಯಿ ಆರಿಸಿ ತಂದೆ. ಉದ್ದ ತೊಟ್ಟಿನಲ್ಲಿ ಜೋಡಿ ಜೋಡಿಯಾಗಿ ಇರುತ್ತವೆ. ನೀರಿಗೆ ಹಾಕಿ, ತೇಲಿದ್ದನ್ನು ಬಿಟ್ಟು ಮುಳುಗಿದ್ದನ್ನು ಕೂಡಲೇ ಬಿತ್ತಿದೆ. ಬಿಳಿ ಓಕ್ ಗುಂಪಿನ ಕಾಯಿ ಚಳಿಗಾಲಕ್ಕೆ ಕಾಯದೆ ಅದೇ ಶರತ್ಕಾಲದಲ್ಲಿ ಬೇರು ಬಿಡುತ್ತದೆ. ಹನ್ನೆರಡರಲ್ಲಿ ಏಳು ಮೊಳೆತಿವೆ. ಅವುಗಳಲ್ಲಿ ಒಂದು ಪಿನ್ ಓಕ್ ಪಕ್ಕಕ್ಕೆ ಹೋಗುತ್ತದೆ.